ಏಳನೆಯ ಹೆಸರು

"ಮುಟ್ಟಬ್ಯಾಡ್ರಿ! ಜಳಕ ಆಗ್ಯದೋ ಇಲ್ಲೋ ಮೊದಲ ಹೇಳ್ರಿ."

ಮನೆಯ ಹಿರಿಯ ಹೆಂಗಸಿನ ಕೂಗಿಗೆ, ದೇವರ ಕೋಣೆಯ ಹೊಸ್ತಿಲಿನೊಳಗೆ ಒಂದು ಕಾಲಿಟ್ಟಿದ್ದ ಗುರುಸಿದ್ಧ ಎತ್ತಿದ ಕೈ ಎತ್ತಿದಂತೆಯೇ ನಿಂತ.

"ನಸಕಿನ್ಯಾಗ ಅಕ್ಕಲಕೋಟದಾಗ ಜಳಕ ಮಾಡಿ, ಲಿಂಗಪೂಜಿ ಮುಗಿಸೇ ಬಸ್ ಹತ್ತೀನ್ರಿ ಅಕ್ಕಾರ. ದಾರ್ಯಾಗ ಮೈಲಿಗಿ ಆಗಿದ್ರ ಅದು ಕಂಡಕ್ಟರನ ಪಾಲಿಗೆ."

ಯಾರೂ ನಗಲಿಲ್ಲ. ಸೊಲ್ಲಾಪುರದ ವಿಜಾಪುರ ರಸ್ತೆಯ ಆ ಎರಡಂತಸ್ತಿನ ಮನೆಯಿಂದ ನಗೆ ಎದ್ದು ಹೋಗಿ ಹತ್ತೊಂಬತ್ತು ದಿನವಾಗಿತ್ತು.

ಹತ್ತೊಂಬತ್ತು ದಿನದ ಹಿಂದೆ ಕಿರಿಯ ಮಗ ತುಷಾರ ದುಧನಿಯ ಗಿರಾಕಿಯೊಬ್ಬನನ್ನು ಕಂಡು ಬರುತ್ತೇನೆಂದು ಹೋದವನು ತಿರುಗಿ ಬಂದಿರಲಿಲ್ಲ. ಮೂರನೆಯ ದಿನ ಅವನ ಫೋನಿನಿಂದ ಮರಾಠಿಯಲ್ಲಿ ಒಂದೂವರೆ ಸಾಲಿನ ಸಂದೇಶ ಬಂದಿತ್ತು: ಶೀತಲಳಿಂದ ಸಾಕಾಗಿದೆ, ನನ್ನನ್ನು ಹುಡುಕಬೇಡಿ. ನಾಳೆ ಬೆಳಿಗ್ಗೆ ಹಿರಿಯರು ಕೂಡುತ್ತಾರೆ. ಕೂಡಿ, ತುಷಾರನ ಹೆಂಡತಿ ಶೀತಲಳನ್ನು ಅಕ್ಕಲಕೋಟದ ತವರಿಗೆ ಕಳಿಸುತ್ತಾರೆ. ಆರು ವರ್ಷದ ಮಗಳು ಭಕ್ತಿಯನ್ನು ಮಾತ್ರ 'ನಮ್ಮ ಮನೆತನದ ಕೂಸು' ಎಂದು ಇಲ್ಲೇ ಇಟ್ಟುಕೊಳ್ಳುತ್ತಾರೆ.

ಗುರುಸಿದ್ಧನಿಗೆ ಉಳಿದಿದ್ದು ಇವತ್ತಿನ ಒಂದು ದಿನ.

ಮೂವತ್ತನಾಲ್ಕು ವರ್ಷ ಟೆಲಿಫೋನ್ ಖಾತೆಯಲ್ಲಿ ಲೈನ್‌ಮನ್ ಆಗಿದ್ದವನು ಅವನು. ತಂತಿ ಎಲ್ಲಿ ಕೆಟ್ಟಿದೆ ಎಂದು ಹುಡುಕುತ್ತ ಕಂಬದಿಂದ ಕಂಬಕ್ಕೆ ನಡೆದವನು. ನಿವೃತ್ತನಾದ ಮೇಲೆ ಅಕ್ಕಲಕೋಟದ ಮಂದಿ ಕಳುವಿಗೆ, ಕಾಣೆಯಾದವರಿಗೆ, ಮನೆಯೊಳಗಿನ ಸುಳ್ಳಿಗೆ ಅವನನ್ನೇ ಕರೆಯತೊಡಗಿದ್ದರು. ಶೀತಲಳ ತಾಯಿ ವೇಣೂಬಾಯಿ ಅವನ ಓಣಿಯವಳು. ಮೊನ್ನೆ ಬಂದು ಕಟ್ಟೆಯ ಮೇಲೆ ಕೂತು ಮಾತಿಲ್ಲದೆ ಅತ್ತಿದ್ದಳು. ಅವನು ಕೇಳಿಸಿಕೊಂಡಿದ್ದ. ಅಳುವನ್ನೂ ಕೇಳಿಸಿಕೊಳ್ಳಬಹುದು, ಅವಸರ ಇಲ್ಲದಿದ್ದರೆ.

"ಸಿಐಡಿ ಕಾಕಾ, ಲವಕರ ಮುಗಸ್ರಿ. ದುಕಾನ ತೆಗೀಬೇಕು." ಹಿಂದಿನಿಂದ ಸೋಮೇಶನ ದನಿ. ತುಷಾರನ ಅಣ್ಣ. ಹೆಗಲಿಗೊಂದು ಚರ್ಮದ ಚೀಲ, ಬಾಯಲ್ಲೊಂದು ಲವಂಗ.

"ಲೈನ್ ಕೆಟ್ಟಾಗ ಅವಸರ ಮಾಡಿದವ ಕಂಬದಿಂದ ಬೀಳ್ತಾನ, ಸೋಮೇಶ. ನಾ ಇಬ್ಬರನ್ನ ನೋಡೀನಿ."

ಜಗಲಿಯ ಮೇಲಿನ ಗೂಡಿನಲ್ಲಿ, ಹಿತ್ತಾಳೆ ಗಂಟೆಗೂ ವಿಭೂತಿ ಡಬ್ಬಿಗೂ ನಡುವೆ ಅದು ಇತ್ತು: ವೈ-ಫೈ ರೂಟರ್. ಈ ಮನೆಯವರ ಬಾಯಲ್ಲಿ ಬರೀ 'ಡಬ್ಬಿ'. ಅದರ ಮೇಲೆ ಎರಡು ಮಡಿಕೆಯ ದಪ್ಪ ನೀಲಿ ಟವೆಲ್. ಮೂಲೆಯಲ್ಲಿ ಇವರದೇ ಟವೆಲ್ ಅಂಗಡಿಯ ಚೀಟಿ.

ಗುರುಸಿದ್ಧ ಟವೆಲ್ ಎತ್ತಿದ. ಬಿಸಿ ಮುಖಕ್ಕೆ ಹೊಡೆಯಿತು. ಡಬ್ಬಿಯ ಬೆನ್ನು ರೊಟ್ಟಿ ಹಂಚಿನ ಹಾಗೆ ಕಾದಿತ್ತು. ಗಾಳಿಗೆಂದು ಬಿಟ್ಟ ಸಂದುಗಳಲ್ಲಿ ಬೂದಿ ಗಟ್ಟಿಯಾಗಿ ಕೂತಿತ್ತು. ಕೆಂಪು ದೀಪವೊಂದು ಮಿಟುಕುತ್ತಿತ್ತು.

"ಇದನ್ನ ಯಾರು ಹೊಚ್ಚಿದ್ರು?"

"ನಾನು," ಎಂದಳು ಕಸ್ತೂರಬಾಯಿ. ತುಷಾರನ ತಾಯಿ. ಅತ್ತು ಅತ್ತು ದನಿ ಒರಟಾಗಿತ್ತು. "ಪೂಜಿಗೆ ಕುಂತಾಗ ಅದು ದೇವರ ಎದುರಿಗೆ ಮಿಣಿಮಿಣಿ ಅಂತ ಕಣ್ಣು ಹೊಡೀತದ. ಮನಸ್ಸು ನಿಲ್ಲಂಗಿಲ್ಲ. ಅದಕ್ಕ ಹೊಚ್ಚತೀನಿ. ಮಡಿ ಟವೆಲ್ಲೇ ಅದ."

"ದೇವರ ಕೋಣ್ಯಾಗ ಯಾಕ ಇಟ್ಟೀರಿ?"

"ತುಷಾರ ಇಟ್ಟಾನ. ಇದು ಮನಿ ನಟ್ಟನಡು ಅದ ಅಂದ. ಹಾಲಿನ ಗ್ವಾಡಿಗೆ ತೂತು ಹೊಡೀಲಿಕ್ಕೆ ಇವರು ಬ್ಯಾಡ ಅಂದ್ರು, ವಾಸ್ತು ಕೆಡ್ತದಂತ."

'ಇವರು' ಎಂದರೆ ಮನೆಯ ಯಜಮಾನ ಸಾತಲಿಂಗಪ್ಪ. ಹಾಲಿನ ಸೋಫಾದ ತುದಿಯಲ್ಲಿ ಕೂತು ಕೈಯ ಉಗುರು ನೋಡಿಕೊಳ್ಳುತ್ತಿದ್ದ. ಬೆಳಿಗ್ಗೆಯಿಂದ ಒಟ್ಟು ಮೂರು ಮಾತು ಆಡಿದ್ದ: 'ಬರ್ರಿ', 'ಚಹಾ', 'ನೋಡ್ರಿ'.

ಈ ಡಬ್ಬಿಯೇ ಶೀತಲಳ ಮೇಲಿನ ಆರೋಪಕ್ಕೆ ಮೂಲ. ಹೋದ ಸೋಮವಾರ ಸಂಜೆ ಏಳು ಹತ್ತಕ್ಕೆ ಪೂಜೆ ನಡೆದಿದ್ದಾಗ ಕಸ್ತೂರಬಾಯಿಯ ಫೋನಿಗೆ ತುಷಾರನ ವಿಡಿಯೋ ಕಾಲ್ ಬಂದಿತ್ತು. ಎತ್ತಿದಳು. ಮುಖವಿಲ್ಲ, ಕಪ್ಪು. ಎರಡು ಉಸಿರು ಕೇಳಿದವು. ಅಷ್ಟರಲ್ಲಿ ನೆಟ್ ಸತ್ತಿತು. ತಾಯಿ ಮಗ ಮಾತಾಡಬಾರದೆಂದು ಶೀತಲಳೇ ಪ್ಲಗ್ ಕಿತ್ತಳು ಎಂದು ಸೋಮೇಶ ಅಂದ. ಅಂದದ್ದು ಮನೆಯ ಮಾತಾಯಿತು. ಮನೆಯ ಮಾತು ನಾಳೆ ಹಿರಿಯರ ಮಾತಾಗುವುದಿತ್ತು.

"ಆ ಎರಡು ಉಸಿರು ನನ್ನ ಮಗಂದು," ಎಂದಳು ಕಸ್ತೂರಬಾಯಿ, ಯಾರೂ ಕೇಳದಿದ್ದರೂ. "ಹೆತ್ತಾಕಿಗೆ ಗೊತ್ತಾಗಂಗಿಲ್ಲೇನ್ರಿ?"

ಅಡುಗೆಮನೆಯ ಬಾಗಿಲಲ್ಲಿ ಶೀತಲ ನಿಂತಿದ್ದಳು, ಹಾಲಿಗೂ ಬಾರದೆ, ಒಳಗೂ ಹೋಗದೆ. ಗುರುಸಿದ್ಧ ಅವಳ ಕಡೆ ಕೈ ಚಾಚಿದ. "ಮೊನ್ನೆ ಫೋನಿನ್ಯಾಗ ಬರೆದಿಡು ಅಂದಿದ್ನಲ್ಲ ಬಾಳಾ, ಬರದೀಯೇನು?"

ಅವಳು ಕ್ಯಾಲೆಂಡರಿನ ಹರಿದ ಹಾಳೆಯೊಂದನ್ನು ಕೊಟ್ಟಳು. ಬೆನ್ನ ಮೇಲೆ ಪೆನ್ಸಿಲಿನಲ್ಲಿ ನೆಟ್ ಹೋದ ವೇಳೆಗಳು. ಶೀತಲ ಬೆಳಿಗ್ಗೆ ಎಂಟಕ್ಕೆ ಮಕ್ಕಳಿಗೆ ಆನ್‌ಲೈನ್ ಟ್ಯೂಷನ್ ಹೇಳುತ್ತಿದ್ದಳು. ನೆಟ್ ಹೋದರೆ ಅವಳಿಗೇ ಮೊದಲು ತಿಳಿಯುತ್ತಿತ್ತು. ಬೆಳಿಗ್ಗೆ ಏಳು ನಲವತ್ತು. ಏಳು ಮೂವತ್ತೈದು. ಸಂಜೆ ಏಳು ಹತ್ತು. ಏಳು ಹದಿನೈದು.

"ನೆಟ್ ಹೋತಂದ್ರ ಮಮ್ಮಿ ಆಂಘೋಳ ಮಾಡ್ತಾಳ," ಎಂದಳು ಭಕ್ತಿ, ತಾಯಿಯ ಸೆರಗಿನ ಹಿಂದಿನಿಂದ. "ದಿನಕ್ಕ ಮೂರು ಸಲ!"

"ಯಾಕ ಪುಟ್ಟಿ?"

"ಜಳಕ ಮಾಡಲಾರದ ಡಬ್ಬಿ ಮುಟ್ಟಿದ್ರ ಅಜ್ಜಿ ಬೈತಾಳ."

ಡಬ್ಬಿಯನ್ನು ಬಂದ್ ಮಾಡಿ ಚಾಲೂ ಮಾಡಬೇಕೆಂದರೂ ಮೈ ತೊಳೆದು ಮಡಿ ಉಡಬೇಕಾದ ಮನೆ ಸೊಲ್ಲಾಪುರದಲ್ಲಿ ಇದೊಂದೇ ಇದ್ದೀತು. ಗುರುಸಿದ್ಧ ಹಾಳೆಯನ್ನು ಮಡಿಚಿ ಜೇಬಿಗೆ ಹಾಕಿದ.

ಅವನ ಕೆಲಸದ ರೀತಿ ಹಳೆಯದು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡು ಬದಲಿಸಿದರೆ ಯಾವುದು ತಪ್ಪಿತಸ್ಥ, ಯಾವುದು ನಿರಪರಾಧಿ ತಿಳಿಯುವುದಿಲ್ಲ.

ಮೊದಲು ಅಡಾಪ್ಟರ್ ಬದಲಿಸಿದ. ಕೆಂಪು ದೀಪ ಹೋಗಲಿಲ್ಲ. ಹೊರಗಿನಿಂದ ಬಂದ ಸಣ್ಣ ಗಾಜಿನೆಳೆಯ ಕೇಬಲ್ಲನ್ನು ಕಿಟಕಿಯವರೆಗೂ ಬೆರಳಿನಿಂದ ಸವರಿ ನೋಡಿದ, ಎಲ್ಲೂ ಮುರಿದಿರಲಿಲ್ಲ. ಡಬ್ಬಿಯನ್ನು ಆರಿಸಿ, ಆರಲು ಬಿಟ್ಟು, ಟವೆಲ್ ಇಲ್ಲದೆ ಹಚ್ಚಿದ. ಹಸಿರು. ಮುಕ್ಕಾಲು ತಾಸು ಕಾದ, ಹಸಿರೇ. ಆಮೇಲೆ ಕಸ್ತೂರಬಾಯಿಗೆ ಅಂದ, "ಅಕ್ಕಾರ, ಈಗ ನೀವು ದಿನಾ ಹ್ಯಾಂಗ ಮಾಡ್ತೀರಿ, ಹಾಂಗಽ ಮಾಡ್ರಿ. ದೀಪ ಹಚ್ಚರಿ. ಊದು ಹಾಕ್ರಿ. ಟವೆಲ್ ಹೊಚ್ಚರಿ."

ಅವಳು ಮಾಡಿದಳು. ಎಲ್ಲರೂ ಕಾದರು. ಹೊರಗೆ ರಸ್ತೆಯಲ್ಲಿ ವಿಜಾಪುರದ ಬಸ್ಸೊಂದು ಹಾರ್ನ್ ಹೊಡೆದು ಹೋಯಿತು.

ಇಪ್ಪತ್ತೆರಡನೆಯ ನಿಮಿಷಕ್ಕೆ ಸೋಮೇಶ ತನ್ನ ಫೋನಿನಿಂದ ತಲೆ ಎತ್ತಿ, "ನೆಟ್ ಗೆಲಂ... ಹೋತು," ಎಂದ. ಅಂದ ಮೇಲೆ ತಾನು ಏನು ಅಂದೆ ಎಂದು ಅವನಿಗೆ ಹೊಳೆಯಿತು.

ಕಸ್ತೂರಬಾಯಿ ಕೈಯಲ್ಲಿದ್ದ ಗಂಟೆಯನ್ನು ಸದ್ದಿಲ್ಲದೆ ಕೆಳಗಿಟ್ಟಳು.

"ಅಂದ್ರ... ಸೋಮವಾರ..."

ಉತ್ತರ ಆ ತಾಯಿಯ ಎದುರಿಗೇ ಇತ್ತು, ನೀಲಿ ಬಣ್ಣದ್ದು, ಎರಡು ಮಡಿಕೆಯದು. ಮಗನ ಮಾತು ಬರುವ ದಾರಿಗೆ ತಾನೇ ಹೊದಿಕೆ ಹೊಚ್ಚಿದ್ದಳು; ದೇವರ ಕಡೆ ಮನಸ್ಸು ನಿಲ್ಲಲಿ ಎಂದು.

"ಡಬ್ಬಿ ಬಿಸಿ ಆಗತದ, ಖರೆ. ಒಪ್ಪಿದೆ," ಎಂದ ಸಾತಲಿಂಗಪ್ಪ. ಮೊದಲ ಸಲ ಬಾಯಿ ಪೂರ್ತಿ ತೆರೆದಿದ್ದ. "ಆದ್ರ ಸೋಮವಾರ ಆಕಿ ಒಳಗ ಹೋಗಿ ಕಿತ್ತಿಲ್ಲ ಅಂತ ಯಾರು ಹೇಳಬೇಕು, ಗುರುಸಿದ್ಧಪ್ಪ? ಡಬ್ಬಿ ಸಾಕ್ಷಿ ಹೇಳತದೇನು?"

ಗುರುಸಿದ್ಧ ಶೀತಲಳ ಮುಖ ನೋಡಿದ. ಅವಳು ನೆಲ ನೋಡಿದಳು. ಕಿವಿಯ ತುದಿ ಕೆಂಪಾಗಿತ್ತು. ಸೋಮವಾರದ ಮಾತು ಬಂದಾಗಲೆಲ್ಲ ಅವಳು ಹೀಗೇ ನೆಲ ನೋಡುವುದನ್ನು ಅವನು ಬೆಳಿಗ್ಗೆಯಿಂದ ಕಂಡಿದ್ದ. ಅಪರಾಧದ ಮೌನ ಒಂದು ಥರ, ನಾಚಿಕೆಯ ಮೌನ ಇನ್ನೊಂದು ಥರ. ಅವನು ಕಸ್ತೂರಬಾಯಿಯ ಕಡೆ ತಿರುಗಿದ.

"ಅಕ್ಕಾರ, ಸೋಮವಾರ ದೇವರಿಗೆ ಹೂವು ಏರಿಸಿದವರು ಯಾರು?"

"ನಾನು."

"ದಿನಾ ಶೀತಲ ಏರಸ್ತಾಳ ಅಂತ ಕೇಳೀನಿ."

ಕಸ್ತೂರಬಾಯಿ ಗಂಡಸರ ಕಡೆ ಬೆನ್ನು ತಿರುಗಿಸಿದಳು. "ಆಕಿ ಹೊರಗ ಕುಂತಿದ್ಲು," ಎಂದಳು. "ತಿಂಗಳ ಮೂರು ದಿನ... ಸೋಮವಾರ ಎರಡನೇ ದಿನ. ದೇವರ ಕೋಣಿ ಇರಲಿ, ಹಾಲಿಗೂ ಬಂದಿದ್ದಿಲ್ಲ. ಮ್ಯಾಲ ಖೋಲ್ಯಾಗ ಇದ್ಲು. ತಾಟು ನಾನಽ ಕೊಟ್ಟು ಬಂದೀನಿ."

ಸೂತಕವಿಲ್ಲ ಎನ್ನುವ ಶರಣರ ಪಾಠವನ್ನು ದಿನಾ ಹಾಡುವ ಬಾಯಿ. ಅದೇ ಬಾಯಿ ಹೊಸ್ತಿಲಲ್ಲಿ ಕೂತು ಸೂತಕ ಕಾಯುತ್ತದೆ. ಗುರುಸಿದ್ಧನ ಎದೆಯಲ್ಲಿ ಕಹಿ ಎದ್ದಿತು. ಆ ಕಾವಲೇ ಇವತ್ತು ಈ ಹುಡುಗಿಗೆ ಸಾಕ್ಷಿಯಾಯಿತಲ್ಲ ಎಂಬುದು ಅದಕ್ಕಿಂತ ಕಹಿ.

"ನಿಮಗ ಗೊತ್ತಿತ್ತು, ಅತ್ತಿ," ಎಂದಳು ಶೀತಲ. ದನಿ ಏರಲಿಲ್ಲ.

"ಗೊತ್ತಿತ್ತು."

"ಇವರೆಲ್ಲ ನನ್ನ ಮ್ಯಾಲ ಹಾಕುವಾಗ ನೀವು ಬಾಜೂಕಽ ಇದ್ರಿ. ಗಂಡಸರ ಮುಂದ ಆ ಮಾತು ನನಗ ಆಡಾಕ ಬರಲಿಲ್ಲ. ನಿಮಗೂ ಬರಲಿಲ್ಲೇನು?"

"ಯಾರರೆ ಒಬ್ಬರು ತಪ್ಪು ಮಾಡಿರಬೇಕಲ್ಲವಾ," ಎಂದಳು ಕಸ್ತೂರಬಾಯಿ. "ಯಾರದೂ ತಪ್ಪಿಲ್ಲಂದ್ರ ನನ್ನ ಮಗ ಸುಮ್ಮನ ಬಿಟ್ಟು ಹೋದ ಅಂತ ಆಗ್ತದ. ಅದನ್ನ ನಾ ಹ್ಯಾಂಗ ತಡ್ಕೊಳ್ಳಲಿ?"

ಭಕ್ತಿ ಒಬ್ಬಳೇ ಅಜ್ಜಿಯ ಮುಖದಿಂದ ತಾಯಿಯ ಮುಖಕ್ಕೆ, ತಾಯಿಯ ಮುಖದಿಂದ ಅಜ್ಜಿಯ ಮುಖಕ್ಕೆ ನೋಡುತ್ತಿದ್ದಳು.

"ಬಸ್ಸ ಆತು," ಎಂದ ಸೋಮೇಶ. "ಪ್ಲಗ್ ಆಕಿ ಕಿತ್ತಿಲ್ಲ. ಠೀಕ. ಆದ್ರ ತುಷಾರ ಬರದದ್ದು ಬರದಾನ. ಆಕಿ ಕಾಟಕ್ಕ ಹೋಗೀನಿ ಅಂದಾನ. ಡಬ್ಬಿ ರಿಪೇರಿ ಆದ್ರ ಆ ಮೆಸೇಜ್ ಅಳಿಸಿ ಹೋಗತದೇನು, ಕಾಕಾ?"

"ಇಲ್ಲ," ಎಂದ ಗುರುಸಿದ್ಧ. "ಮತ್ತ ಈ ಡಬ್ಬಿ ರಿಪೇರಿನೂ ಆಗಂಗಿಲ್ಲ. ಕಾದು ಕಾದು ಒಳಗ ಸುಡ್ಲಿಕ್ಕತ್ತದ. ಹೊಸಾದು ಹಾಕಬೇಕು."

ಹೊಸದನ್ನು ತಂದವನು ಸೋಮೇಶನೇ. ಸಾತ್ ರಸ್ತಾದ ಅಂಗಡಿಗೆ ಹೋಗಿ ಅರ್ಧ ತಾಸಿನಲ್ಲಿ ಪೆಟ್ಟಿಗೆಯೊಂದಿಗೆ ಬಂದ. ಗುರುಸಿದ್ಧ ಅದನ್ನು ದೇವರ ಕೋಣೆಯಿಂದ ಹೊರಗೆ, ಹಾಲಿನ ಟಿವಿಯ ಮೇಲಿನ ಹಲಗೆಗೆ ಇಟ್ಟ. ಕನೆಕ್ಷನ್ ಕೊಟ್ಟವರಿಗೆ ಫೋನ್ ಮಾಡಿ ಹೊಸ ಡಬ್ಬಿಯ ನಂಬರ್ ಬರೆಸಿದ. ದೀಪಗಳು ಒಂದೊಂದಾಗಿ ಹಸಿರಾದವು.

"ಹೆಸರು ಏನಿಡೋಣ?"

"ಹಳೇದಽ ಇಡ್ರಿ," ಎಂದ ಸೋಮೇಶ. "ಹೆಸರೂ ಅದಽ, ಪಾಸ್‌ವರ್ಡೂ ಅದಽ. ಇಲ್ಲಂದ್ರ ಎಲ್ಲಾರ ಫೋನಿಗೂ ಮತ್ತ ನಾನಽ ಹಾಕ್ಕೊಂತ ಕೂಡಬೇಕು. ಅವ್ವಗ ಅಂತೂ ಬರಂಗಿಲ್ಲ."

ಹಳೆಯ ಹೆಸರು 'ಭಕ್ತಿ'. ಪಾಸ್‌ವರ್ಡ್ ಅವಳು ಹುಟ್ಟಿದ ತಾರೀಖು. ತುಷಾರ ಇಟ್ಟದ್ದು. ಗುರುಸಿದ್ಧ ಅಕ್ಷರ ತಪ್ಪದೆ ಅದನ್ನೇ ಹಾಕಿದ.

ಹೆಸರು, ಪಾಸ್‌ವರ್ಡ್ ಎರಡೂ ಹಳೆಯವೇ ಆದರೆ ಫೋನುಗಳಿಗೆ ಡಬ್ಬಿ ಬದಲಾದದ್ದು ತಿಳಿಯುವುದಿಲ್ಲ. ಹಟ್ಟಿಗೆ ಹೊಂದಿದ ದನ ಸಂಜೆ ತಾವಾಗಿ ಬರುವ ಹಾಗೆ ಬಂದು ಸೇರುತ್ತವೆ. ಬಂದವರ ಹೆಸರನ್ನು ಡಬ್ಬಿ ಬರೆದಿಡುತ್ತದೆ. ಹಳೆಯ ಡಬ್ಬಿಯೂ ಬರೆದಿಟ್ಟಿರಬೇಕು. ಆದರೆ ಅದರ ಪುಟ ತೆರೆಯಲು ಬೇಕಾದ ಚೀಟಿ, ಬೆನ್ನಿಗೆ ಅಂಟಿಸಿದ್ದು, ಕಸ್ತೂರಬಾಯಿಯ ಒದ್ದೆ ಬಟ್ಟೆಗೆ ಎಂದೋ ಅಳಿಸಿ ಹೋಗಿತ್ತು. ಹೊಸದರ ಪುಟ ಈಗ ಗುರುಸಿದ್ಧನ ಫೋನಿನಲ್ಲಿ ತೆರೆದಿತ್ತು.

ಸಾತಲಿಂಗಪ್ಪನ ಫೋನ್ ಬಂತು. ಕಸ್ತೂರಬಾಯಿಯದು ಬಂತು. ಸೋಮೇಶನದು. ಶೀತಲಳದು. ಅವಳ ಲ್ಯಾಪ್‌ಟಾಪ್. ಗುರುಸಿದ್ಧನದು. ಆರು.

ಮುಗಿಯಿತು ಎಂದು ಅವನು ಬೆರಳೆತ್ತುವಷ್ಟರಲ್ಲಿ ಕೆಳಗೆ ಇನ್ನೊಂದು ಸಾಲು ಮೂಡಿತು.

ತುಷಾರ.

ಗುರುಸಿದ್ಧ ಯಾರಿಗೂ ಕೇಳದ ಹಾಗೆ ಉಸಿರು ಬಿಟ್ಟ. ಮುಖವನ್ನು ಕಂಬ ಹತ್ತುವಾಗಿನ ಮುಖ ಮಾಡಿಕೊಂಡ.

"ಶೀತಲಾ, ಲ್ಯಾಪ್‌ಟಾಪಿಗೆ ನೆಟ್ ಬಂತೇನು ನೋಡು. ಹಾಂ, ತುಷಾರನ ಹಳೇ ಫೋನೇನರೆ ಮನ್ಯಾಗ ಬಿದ್ದದೇನು? ಅದಕ್ಕೂ ನೋಡೋಣ."

"ಇಲ್ಲ ಕಾಕಾ. ಅವರದು ಒಂದಽ ಫೋನು. ಅದನ್ನ ತೊಗೊಂಡಽ ಹೋಗ್ಯಾರ."

ತೊಗೊಂಡೇ ಹೋಗಿದ್ದಾನೆ. ಮತ್ತೆ ಅದು ಇಲ್ಲಿದೆ. ಈ ಗೋಡೆಗಳ ಒಳಗೆ, ಚಾರ್ಜು ಸಹಿತ, ಜೀವಂತ.

ಒಂದು ಸಲಕ್ಕೆ ಒಂದೇ. "ಸೋಮೇಶ," ಎಂದ ಗುರುಸಿದ್ಧ, "ಕೇಬಲ್ ಗಿಡ್ಡ ಆತಪಾ. ಬಾಜೂಕಿನ ಅಂಗಡ್ಯಾಗ ಎರಡು ಮೀಟರ್ ಸಿಗತದೇನು?"

"ಏನ ಕಾಕಾ, ಒಮ್ಮೆಲೇ ಹೇಳಬಾರದಾ?" ಗೊಣಗುತ್ತ ಅವನು ಚೀಲ ಹೆಗಲಿಗೇರಿಸಿ ಹೊರಟ. ಬೈಕಿನ ಸದ್ದು ರಸ್ತೆ ಸೇರಿತು.

ಗುರುಸಿದ್ಧ ಪರದೆ ನೋಡುತ್ತಿದ್ದ. ಸಾತಲಿಂಗಪ್ಪನ ಹೆಸರು ಇತ್ತು. ಕಸ್ತೂರಬಾಯಿಯದು ಇತ್ತು. ಸೋಮೇಶನ ಹೆಸರು ಆರಿತು. ಮರುಗಳಿಗೆಯಲ್ಲಿ ತುಷಾರನದೂ ಆರಿತು.

ಕಾಲು ತಾಸಿನ ಮೇಲೆ ಬೈಕು ಗೇಟಿಗೆ ಬಂತು. ಸೋಮೇಶ ಇನ್ನೂ ಬೂಟು ಬಿಚ್ಚುತ್ತಿದ್ದಾಗಲೇ ಎರಡೂ ಹೆಸರು ಒಟ್ಟಿಗೆ ಬಂದವು. ಅಣ್ಣ ತಮ್ಮ ಜೊತೆಯಾಗಿ ಮನೆಗೆ ಬಂದ ಹಾಗೆ.

"ತೊಗೋರಿ ನಿಮ್ಮ ಕೇಬಲ್."

"ಕೇಬಲ್ ಇರಲಿ. ಚೀಲ ಟೀಪಾಯಿ ಮ್ಯಾಲ ಇಡು."

"ಯಾಕ?"

"ಮನೀ ಕಳ್ಳನ್ನ ದೇವರೂ ಹಿಡಿಯಂಗಿಲ್ಲ ಅಂತಾರ. ಡಬ್ಬಿ ಹಿಡದದ." ಗುರುಸಿದ್ಧ ಫೋನನ್ನು ಅವನ ಕಡೆ ತಿರುಗಿಸಿದ. "ಓದು. ಕೆಳಗಿನ ಹೆಸರು ಯಾರದು?"

ಸೋಮೇಶ ಓದಿದ. ಬಾಯೊಳಗಿನ ಲವಂಗ ಒಂದು ದವಡೆಯಿಂದ ಇನ್ನೊಂದಕ್ಕೆ ಹೋಗಿ ಅಲ್ಲೇ ನಿಂತಿತು.

"ಸುಮ್ಮಸುಮ್ಮನ ಏನರೆ ತೋರಸ್ಬ್ಯಾಡ್ರಿ. ಮಶೀನ್ ಅದ. ತಪ್ಪು ಬರದದ."

"ನೀ ಹೋದಾಗ ಅಳಿಸ್ತು, ಬಂದಾಗ ಬರೀತು. ಒಂದು ತಪ್ಪನ್ನ ಮಶೀನ್ ಎರಡು ಸಲ ಅಷ್ಟು ಕರೆಕ್ಟ್ ಮಾಡಂಗಿಲ್ಲ. ಇಡು ಚೀಲ."

"ಅಪ್ಪಾಜಿ, ನೋಡ್ರಿ ಇವರು, ನಮ್ಮ ಮನ್ಯಾಗ ಬಂದು..."

ಸಾತಲಿಂಗಪ್ಪ ಉಗುರು ನೋಡಿಕೊಳ್ಳುತ್ತಲೇ ಇದ್ದ.

ಚೀಲವನ್ನು ಕಿತ್ತುಕೊಂಡವಳು ಶೀತಲ. ಯಾರೂ ಎಣಿಸಿರಲಿಲ್ಲ. ಹತ್ತೊಂಬತ್ತು ದಿನ ಬಾಗಿಲ ಮರೆಯಲ್ಲಿ ನಿಂತವಳು ಮೂರು ಹೆಜ್ಜೆಯಲ್ಲಿ ಹಾಲು ದಾಟಿ, ಜಿಪ್ ಎಳೆದು, ಚೀಲವನ್ನು ಟೀಪಾಯಿಯ ಮೇಲೆ ಬೋರಲು ಹಾಕಿದಳು. ಕೀಲಿ, ಬಾಚಣಿಕೆ, ಟವೆಲ್ಲಿನ ನಮೂನೆ ತುಂಡುಗಳು. ಕೊನೆಗೆ ಕಪ್ಪು ಕವಚದ ಫೋನು. ಕವಚದ ಹಿಂದೆ ಭಕ್ತಿ ಅಂಟಿಸಿದ್ದ ಚಿಟ್ಟೆಯ ಚಿತ್ರ ಹಾಗೇ ಇತ್ತು.

"ಬಾಬಾಚಾ ಫೋನ್!" ಎಂದು ಕೂಸು ಕೂಗಿತು.

ಶೀತಲ ಅದನ್ನು ಎರಡೂ ಕೈಯಲ್ಲಿ ಹಿಡಿದಳು. "ಭಾವಾ, ಇದು ನಿಮ್ಮ ಹತ್ರ ಹ್ಯಾಂಗ ಬಂತು?"

ಸೋಮೇಶ ಕೂತ. ಕೂತವನ ಹಾಗಲ್ಲ, ಕಾಲು ಕಡಿದವನ ಹಾಗೆ. "ಆ ಮೆಸೇಜ್ ನಾನಽ ಕಳಿಸೀನಿ," ಎಂದ. "ಲಾಕಿನ ನಂಬರು ಮನೀಮಂದಿಗೆಲ್ಲ ಗೊತ್ತು. ಸಿಮ್ ತೆಗದು ಒಗದೀನಿ. ಮನೀ ವೈ-ಫೈ ಮ್ಯಾಲ ನಡಿಸೀನಿ. ಡಬ್ಬಿ ಹೆಸರು ಬರದಿಡತದ ಅಂತ ನನಗೇನು ಗೊತ್ತು!"

"ನನ್ನ ಕಾಟ ಅಂತ ಬರದವರು ನೀವು?"

"ಅಪ್ಪಾಜಿ 'ಹುಡುಕಬ್ಯಾ‍ಡ್ರಿ' ಅಂತ ಬರಿ ಅಂದ್ರು, ಅಷ್ಟಽ. ಅವ್ವನ ಜೀವಕ್ಕ ಸಮಾಧಾನ ಆಗ್ಲಿ ಅಂತ. ನಿನ್ನ ಹೆಸರು ನಾ ಕೂಡಿಸೀನಿ. ಕಾರಣ ಇಲ್ಲದ ಮಾತು ಯಾರೂ ನಂಬಂಗಿಲ್ಲ." ಅವನು ಮುಖ ಒರೆಸಿಕೊಂಡ. "ಸೋಮವಾರ ಅವ್ವ ಊಟ ಬಿಟ್ಟಿದ್ಲು. ಮಾಳಗಿ ಮ್ಯಾಲ ನಿಂತು ಕ್ಯಾಮೆರಾಕ್ಕ ಬೆರಳಿಟ್ಟು ಒಂದು ಕಾಲ್ ಹಚ್ಚಿದೆ. ಮಗ ಇದ್ದಾನ ಅಂತ ಆಕಿಗೆ ಅನ್ಸಲಿ ಅಂತ. ಅಷ್ಟರಾಗ ನೆಟ್ ಹೋತು."

ಕಸ್ತೂರಬಾಯಿ ಹಿರಿಯ ಮಗನನ್ನು ನೋಡುತ್ತಿದ್ದಳು. "ಆ ಉಸಿರು..."

"ನಂದು ಅವ್ವಾ."

ಅವಳ ಬಾಯಿ ತೆರೆಯಿತು. ಅಳು ಬರಲಿಲ್ಲ. ಒಂದು ವಾರ ಅವಳು ಆ ಎರಡು ಉಸಿರನ್ನೇ ಉಂಡು ಬದುಕಿದ್ದಳು.

ಗುರುಸಿದ್ಧನಿಗೆ ಆಗ ತಾನು ಏನು ಮಾಡಿದೆ ಎಂಬುದು ಪೂರ್ತಿ ಕಂಡಿತು. ನಾಳೆ ಹಿರಿಯರ ಮುಂದೆ ಶೀತಲ ಗೆದ್ದಂತೆಯೇ. ಕೂಸನ್ನು ಅವಳಿಂದ ಕಿತ್ತುಕೊಳ್ಳಲು ಈಗ ಯಾರಿಗೂ ನೆಪವಿಲ್ಲ. ಆದರೆ ಅವಳನ್ನು ಸುಡುತ್ತಿದ್ದ ಆ ಒಂದೂವರೆ ಸಾಲೇ ಅವಳ ಗಂಡ ಬದುಕಿದ್ದಾನೆ ಎಂಬುದಕ್ಕೂ ಇದ್ದ ಒಂದೇ ಆಧಾರ. ಒಂದನ್ನು ಸುಳ್ಳು ಮಾಡಿದರೆ ಇನ್ನೊಂದೂ ಸುಳ್ಳಾಗಿತ್ತು.

ಶೀತಲಳಿಗೂ ಅದೇ ಕಂಡಿರಬೇಕು.

"ಹಂಗಾದ್ರ ಹತ್ತೊಂಬತ್ತು ದಿನದಾಗ ಅವರ ಮಾತು ಯಾರೂ ಕೇಳಿಲ್ಲ," ಎಂದಳು. "ಅವರು ಹೋಗೀನಿ ಅಂತ ಎಲ್ಲೂ ಅಂದಿಲ್ಲ."

"ಇಲ್ಲ."

"ಫೋನ್ ಎಲ್ಲಿ ಸಿಕ್ತು?" ಇದು ಗುರುಸಿದ್ಧ.

"ದುಧನಿ ಸ್ಟೇಷನ್ನಿನ್ಯಾಗ. ಅವ ಹೋದ ದಿನ ಸಂಜಿಮುಂದ ನಾ ಇದಕ್ಕ ರಿಂಗ್ ಮಾಡಿದೆ. ಚಹಾದವ ಎತ್ತಿದ. ಪ್ಲಾಟ್‌ಫಾರ್ಮಿನ ಬೆಂಚಿನ ಮ್ಯಾಲ ಫೋನ್ ಬಿದ್ದದ, ಮಾಲಕ ಇಲ್ಲ ಅಂದ. ಓಡಿ ಹೋದೆ." ಸೋಮೇಶ ಲವಂಗವನ್ನು ಅಂಗೈಗೆ ಉಗುಳಿದ. "ಬೆಂಚಿನ ಕೆಳಗ ಚಪ್ಪಲಿ ಇದ್ದವು."

"ತುಷಾರಂದು?"

"ತುಷಾರಂದು ಒಂದು ಜೋಡಿ."

"ಒಂದು ಜೋಡಿ ಅಂದ್ರ? ಎಷ್ಟು ಜೋಡಿ ಇದ್ದವು?"

"ಎರಡು."

ಗುರುಸಿದ್ಧ ಮುಂದೆ ಕೇಳಲಿಲ್ಲ. ಕಿವಿ ತೆರೆದು ಸುಮ್ಮನೆ ನಿಂತ. ಹಾಗೆ ನಿಂತರೆ ಮಾತು ತಾನಾಗಿ ಬರುತ್ತದೆ.

ಸೋಮೇಶ ಆ ದಿನ ಮೊದಲ ಸಲ ತಂದೆಯ ಕಡೆ ನೆಟ್ಟಗೆ ನೋಡಿದ. "ಫೋನ್ ತಂದು ಅಪ್ಪಾಜಿ ಕೈಯಾಗ ಕೊಟ್ಟೆ, ಮೂರನೇ ದಿನ ಅವರಽ ಅದನ್ನ ನನಗ ತಿರುಗಿ ಕೊಟ್ರು. ಚಪ್ಪಲಿ ತೋರಿಸಿಲ್ಲ. ಎರಡೂ ಜೋಡಿ ಗೋದಾಮಿನ್ಯಾಗ ಟವೆಲ್ ಗಂಟಿನ ಹಿಂದ ಇಟ್ಟೀನಿ. ಹತ್ತೊಂಬತ್ತು ದಿನ ನಾ ಅವರನ್ನ ಕೇಳಿಲ್ಲ. ಅವರೂ ನನಗ ಹೇಳಿಲ್ಲ."

"ಏನು ಹೇಳಬೇಕಿತ್ತು?" ಎಂದಳು ಕಸ್ತೂರಬಾಯಿ. ಹೇಳುತ್ತಿದ್ದ ಹಾಗೆ ಅವಳ ದನಿ ಇಳಿಯತೊಡಗಿತು. "ಏನ್ರೀ... ಆವತ್ತ ನೀವು ಅಕ್ಕಲಕೋಟಕ್ಕ ಹೋಗಿದ್ದೆ ಅಂದ್ರಿ. ಗುಡಿ ಮುಂದ ಚಪ್ಪಲಿ ಕಳುವಾದ್ವು ಅಂದ್ರಿ. ಬರಿಗಾಲಲೆ ಬಂದ್ರಿ. ಹೊಸ್ತಿಲದಾಗ ನಿಮ್ಮ ಕಾಲಿಗೆ ನಾನಽ ನೀರು ಹಾಕೀನಿ."

ಮನೆಯಲ್ಲಿ ಹೊಸ ಡಬ್ಬಿಯ ದೀಪಗಳು ಬಿಟ್ಟರೆ ಏನೂ ಅಲುಗಲಿಲ್ಲ.

ಸಾತಲಿಂಗಪ್ಪ ಎದ್ದ. ಹೆಂಡತಿಯನ್ನು ನೋಡಲಿಲ್ಲ, ಮಗನನ್ನು ನೋಡಲಿಲ್ಲ. ಸೊಸೆಯ ಮುಂದೆ ಬಂದು ನಿಂತ. ಈ ಹತ್ತೊಂಬತ್ತು ದಿನ ಅವಳ ಹೆಸರು ಹಿಡಿದು ಕರೆಯದಿದ್ದವನು ಈಗ ಕರೆದ.

"ಶೀತಲವ್ವಾ. ಹಿರಿಯರು ಬರೂತನ ಕಾಯಬ್ಯಾಡ. ಭಕ್ತಿನ್ನ ಕರಕೊಂಡು ಈಗಿಂದೀಗ ನಿನ್ನ ತವರಿಗೆ ನಡಿ. ಕೂಸನ್ನ ಈ ಮನ್ಯಾಗ, ನನ್ನ ಹತ್ತಿರ, ಬಿಡಬ್ಯಾಡ."

ಅವಳಿಗೆ ಬೇಕಾಗಿದ್ದ ಮಾತು ಅದೇ. ಅದಕ್ಕೆಂದೇ ಅವಳ ತಾಯಿ ಅಕ್ಕಲಕೋಟದ ಕಟ್ಟೆಯ ಮೇಲೆ ಕೂತು ಅತ್ತದ್ದು.

ಶೀತಲ ಹೊರಡಲಿಲ್ಲ. ಮಗಳನ್ನು ಎಳೆದು ಗುರುಸಿದ್ಧನ ಹಿಂದೆ ನಿಲ್ಲಿಸಿದಳು. ಗಂಡನ ಫೋನನ್ನು ಸೊಂಟಕ್ಕೆ ಸಿಗಿಸಿದಳು. ಹೋಗಿ ಮುಂಬಾಗಿಲು ಹಾಕಿ ಚಿಲಕ ಏರಿಸಿದಳು.

"ಕೂಡ್ರಿ, ಮಾವಾ," ಎಂದಳು. "ಆವತ್ತ ದುಧನ್ಯಾಗ ಏನಾತು, ಕುಂತು ಹೇಳ್ರಿ."